ಲಂಗರು ಹಾಕಿದ ದೋಣಿ

ಸವಳಂಗದ ಕೆರೆಯ ಏರಿಯ ಮೇಲೆ ಸಂಜೆ ನಡೆಯುತ್ತಿದ್ದಾಗ ಪರಿಚಯದ ತಾಯಿಯೊಬ್ಬರು ಎದುರಾದರು. ಶರಣು ಹೇಳುತ್ತಲೇ ಕಣ್ಣೊರೆಸಿಕೊಂಡರು. "ಅಯ್ಯನವರೆ, ನಿಮ್ಮ ಮಾತಾದರೂ ಕೇಳಿಯಾನು. ಮೇಷ್ಟರ ಕೆಲಸ ಬಿಡ್ತಾನಂತೆ, ಅಡಿಕೆ ತೋಟದಲ್ಲಿ ತನ್ನ ಪಾಲು ಮಾರ್ತಾನಂತೆ, ಕಾರವಾರದ ಕಡೆ ಹಳೆಯ ದೋಣಿ ಕೊಂಡು ಅದರಲ್ಲೇ ಇದ್ದು ಕಾದಂಬರಿ ಬರೀತಾನಂತೆ. ಹೆಂಡತಿ, ಕೂಸು ಇಲ್ಲೇ ಇರಬೇಕಂತೆ."

ಅವರ ಮಗ ನನ್ನ ಬಳಿ ಹಳಗನ್ನಡ ಓದಿದವನು, ಬುದ್ಧಿವಂತ. ಮರುದಿನ ಕರೆಸಿದೆ. ಬರುವಾಗಲೇ ಪ್ರಮಾಣ ಸಹಿತ ಬಂದಿದ್ದ. ಪಾಶ್ಚಾತ್ಯ ಸಾಹಿತಿಗಳು ಹಾಯಿದೋಣಿಯಲ್ಲಿ ಬಾಳಿ, ಲಂಗರು ಹಾಕಿ ಕುಳಿತು ಬರೆದಿದ್ದಾರೆಂಬುದು ಅವನ ವಾದ. ವಾದ ಸುಳ್ಳಲ್ಲ. ಆದರೆ ಅರ್ಧ ಓದಿದ್ದ.

ಜಾರ್ಜ್ ಸಿಮೆನಾನ್ ಬೆಲ್ಜಿಯಂ ದೇಶದಲ್ಲಿ ೧೯೦೩ರಲ್ಲಿ ಹುಟ್ಟಿ ಫ್ರೆಂಚ್ ಭಾಷೆಯಲ್ಲಿ ಬರೆದವನು. ಸುಮಾರು ಹತ್ತು ಮೀಟರು ಉದ್ದದ 'ಓಸ್ಟ್ರೊಗಾಥ್' ಎಂಬ ಹಾಯಿದೋಣಿಯನ್ನೇ ಮನೆ ಮಾಡಿಕೊಂಡು ೧೯೨೯ರಲ್ಲಿ ಹಾಲೆಂಡಿನ ಡೆಲ್ಫ್‌ಜೈಲ್ ಎಂಬ ಬಂದರನ್ನು ಸೇರಿದ. ಅಲ್ಲಿ ದೋಣಿಯ ಹಲಗೆಗಳ ಸಂದುಗಳನ್ನು ಹೊಸದಾಗಿ ಬಿಗಿಮಾಡಿಸಬೇಕಾಯಿತು. ದಿನವಿಡೀ ಸುತ್ತಿಗೆಯ ಸದ್ದು. ಬರೆಯುವುದೆಂತು? ಪಕ್ಕದಲ್ಲಿ ಯಾರೋ ತೊರೆದಿದ್ದ ಹಳೆಯ ಸರಕುದೋಣಿಯೊಂದಿತ್ತು. ಒಳಗೆ ಕೆಂಪು ನೀರು, ಇಲಿಗಳ ಈಜಾಟ. ಅದರಲ್ಲಿ ದೊಡ್ಡ ಪೆಟ್ಟಿಗೆಯ ಮೇಲೆ ಬೆರಳಚ್ಚು ಯಂತ್ರ, ಕೂರಲು ಸಣ್ಣದೊಂದು ಪೆಟ್ಟಿಗೆ, ಕಾಲಿಡಲು ಇನ್ನೂ ಸಣ್ಣವೆರಡು ಇಟ್ಟುಕೊಂಡು ಬರೆದೆನೆಂದು ಆತನೇ ಮುಂದೆ ಹೇಳಿಕೊಂಡಿದ್ದಾನೆ. ಮೇಗ್ರೆ ಎಂಬ ಪೊಲೀಸ್ ಅಧಿಕಾರಿಯ ಪಾತ್ರ ಹುಟ್ಟಿದ್ದು ಅಲ್ಲಿಯೇ ಎಂಬುದೂ ಅವನ ಮಾತು. ವಿದ್ವಾಂಸರು ಇದನ್ನು ಪೂರ್ತಿ ಒಪ್ಪುವುದಿಲ್ಲ. ಡೆಲ್ಫ್‌ಜೈಲಿನ ಜನ ಮಾತ್ರ ಒಪ್ಪಿ ೧೯೬೬ರಲ್ಲಿ ಮೇಗ್ರೆಯ ಪ್ರತಿಮೆಯನ್ನೇ ನಿಲ್ಲಿಸಿದರು. ಆ ಪಾತ್ರವನ್ನು ಕುರಿತು ಸಿಮೆನಾನ್ ಒಟ್ಟು ೭೫ ಕಾದಂಬರಿಗಳನ್ನು ಬರೆದ.

ನಮ್ಮ ತರುಣ ಓದದೆ ಬಿಟ್ಟ ಭಾಗವೆಂದರೆ ಆ ದೋಣಿಯಲ್ಲಿ ಇದ್ದವರ ಪಟ್ಟಿ. ಸಿಮೆನಾನನ ಪತ್ನಿ ಇದ್ದಳು. ಅಡುಗೆಯ ಹೆಣ್ಣುಮಗಳಿದ್ದಳು. ಓಲಾಫ್ ಎಂಬ ದೊಡ್ಡ ನಾಯಿಯೂ ಇತ್ತು. ಇಡೀ ಸಂಸಾರವೇ ಆ ಹತ್ತು ಮೀಟರಿನೊಳಗೆ! (ಆತನ ಖಾಸಗಿ ಬಾಳು ನಮ್ಮ ಗೃಹಸ್ಥರು ಅನುಸರಿಸತಕ್ಕದ್ದಲ್ಲ, ಅದು ಬೇರೆ ಮಾತು.)

ಅಮೆರಿಕದ ಜಾಕ್ ಲಂಡನ್ನನ ಕಥೆಯೂ ಹೀಗೆಯೇ. ೧೯೦೭ರಲ್ಲಿ 'ಸ್ನಾರ್ಕ್' ದೋಣಿಯಲ್ಲಿ ಹೊರಟಾಗ ಪತ್ನಿ ಚಾರ್ಮಿಯನ್ ಜೊತೆಗಿದ್ದಳು. ಅವನ ಹಸ್ತಪ್ರತಿಗಳನ್ನು ಬೆರಳಚ್ಚು ಮಾಡಿದವಳೂ ಅವಳೇ. ಕಡಲು ಹೇಗಿದ್ದರೂ ದಿನಕ್ಕೆ ಸಾವಿರ ಪದ ಬರೆಯುವುದು ಅವನ ನೇಮ. 'ಮಾರ್ಟಿನ್ ಈಡನ್' ಕಾದಂಬರಿ ಆ ಯಾನದಲ್ಲಿಯೇ ಬೆಳೆಯಿತು. ಆದರೆ ಏಳು ಸಾವಿರ ಡಾಲರಿನಲ್ಲಿ ಮುಗಿಯಬೇಕೆಂದಿದ್ದ ದೋಣಿಗೆ ಮೂವತ್ತು ಸಾವಿರ ತಗುಲಿತು, ಅಷ್ಟಾದರೂ ಸೋರಿತು. ಏಳು ವರ್ಷದ ಯಾನವೆಂದು ಹೊರಟವನು ಎರಡನೆಯ ವರ್ಷ ಮುಗಿಯುವ ಮೊದಲೇ ರೋಗಿಯಾಗಿ ನಿಲ್ಲಿಸಿದ. ತೋಟ ಮಾರುವವನಿಗೆ ಈ ಲೆಕ್ಕವನ್ನು ಎರಡು ಸಲ ಹೇಳಿದೆ.

ದೋಣಿಯ ಬರೆಹಗಾರನನ್ನು ಅಷ್ಟು ದೂರ ಹುಡುಕಬೇಕಾಗಿಯೂ ಇಲ್ಲ. ಹೊನ್ನಾಳಿಯ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯೇ ಹರಿಹರವನ್ನು ದಾಟಿ ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರಕ್ಕೆ ಬರುತ್ತಾಳೆ. ೧೨ನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನವರು ದೋಣಿ ನಡೆಸಿದ್ದು ಅಲ್ಲಿ ಎಂಬುದು ಪರಂಪರೆಯ ನಂಬಿಕೆ. ಬಹುತೇಕ ಶರಣರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತ ಮಾಡಿಕೊಂಡರೆ ಇವರು ಕಾಯಕ ಕೂಡಿದ ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡರು. ಅವರ ವಚನಗಳ ಖಾರ, ಆ ನೇರ ಬೈಗುಳ, ಡಾಂಭಿಕರನ್ನು ಹೆಸರಿಡಿದು ಕರೆದಂತಹ ಧಾಟಿ ಬೇರೆ ಶರಣರಲ್ಲಿ ವಿರಳ. ಅದು ಏಕಾಂತದಲ್ಲಿ ಹುಟ್ಟಿದ ನುಡಿಯಲ್ಲವೆಂದು ನನ್ನ ಊಹೆ. ಭಕ್ತ, ವ್ಯಾಪಾರಿ, ಕಪಟ ಸನ್ಯಾಸಿ ಎಲ್ಲರೂ ಒಂದೇ ಹಲಗೆಯ ಮೇಲೆ ಕೂತು ನದಿ ದಾಟುವಾಗ ಹುಟ್ಟು ಹಾಕುವವನ ಕಿವಿಗೆ ಬೀಳದ ಮಾತು ಯಾವುದು? ಆ ದೋಣಿಗೆ ಲಂಗರು ಹಾಕುವ ಬಿಡುವೇ ಇರಲಿಲ್ಲ.

ಇಷ್ಟನ್ನು ಕೇಳಿ ತರುಣ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಗುರುಗಳೇ, ಎಲ್ಲ ಸರಿ. ನಮ್ಮ ಮನೆಯಲ್ಲಿ ಒಂದು ಗಳಿಗೆ ಮೌನ ಎಲ್ಲಿದೆ? ಪೆನ್ನು ಹಿಡಿದರೆ ಗೊಬ್ಬರ ತಾ ಎನ್ನುತ್ತಾರೆ, ಬರೆದರೆ ಬಂದವರೆದುರು ನಗುತ್ತಾರೆ" ಎಂದ. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಠದ ಪಾಠಶಾಲೆಯಲ್ಲಿ ಒಂದೇ ಹಜಾರದಲ್ಲಿ ಮಲಗುತ್ತಿದ್ದ ಕಾಲದಲ್ಲಿ ನಾನೂ ಓದಲೆಂದು ದವಸದ ಕೋಣೆ ಸೇರಿ ಬೈಸಿಕೊಂಡವನು. ಅವನಿಗೆ ಬೇಕಿದ್ದುದು ಕಡಲಲ್ಲ, ಮುಚ್ಚಿಕೊಳ್ಳಲು ಒಂದು ಬಾಗಿಲು.

ಆದ್ದರಿಂದ ಎರಡನೆಯ ಮಾತನ್ನು ಅವನ ತಾಯಿಗೇ ಹೇಳಬೇಕಾಯಿತು. ಆಕೆಗೆ ನೋವಾಯಿತು, ಆದರೂ ಒಪ್ಪಿದರು. ಈಗ ತೋಟದ ಪಂಪ್‌ಹೌಸಿನಲ್ಲಿ ಒಂದು ಮೇಜು ಬಂದಿದೆ. ಬೆಳಗಿನ ಐದರಿಂದ ಏಳರವರೆಗೆ ಅವನನ್ನು ಯಾರೂ ಕರೆಯುವಂತಿಲ್ಲ. ಏಳಕ್ಕೆ ಬಂದು ಮಗುವನ್ನು ಎತ್ತಿಕೊಳ್ಳಬೇಕೆಂಬುದು ಸೊಸೆ ಹಾಕಿದ ಕರಾರು. ಕೆಲಸ ಬಿಟ್ಟಿಲ್ಲ, ತೋಟ ಉಳಿದಿದೆ.

ಕಳೆದ ವಾರ ಮೊದಲ ನಲವತ್ತು ಪುಟಗಳನ್ನು ತಂದುಕೊಟ್ಟು ಹೋಗಿದ್ದಾನೆ. ಭಾಷೆ ಹದವಾಗಿದೆ. ಆದರೆ ತುಂಬ ಕಡಲಿದೆ, ಸವಳಂಗ ಎಲ್ಲಿಯೂ ಇಲ್ಲ. ಬರುವ ಸೋಮವಾರ ಅವನು ಬಂದಾಗ ಹೇಳಬೇಕು.