ರೋಯಾಕಿನ ಮೇಲೆ

ನಮ್ಮ ಕನ್ನಡದಲ್ಲಿ ‘ಅಡ್ಡೆ’ಯೆಂದರೆ ಮರ್ಯಾದಸ್ಥರು ಕಾಲಿಡುವ ಜಾಗವಲ್ಲ. ಜೂಜಿನ ಅಡ್ಡೆ, ಕಳ್ಳರ ಅಡ್ಡೆ, ಇಷ್ಟೇ ನಮಗೆ ಗೊತ್ತು. ಕಲ್ಕತ್ತೆಗೆ ಬಂದ ಹೊಸತರಲ್ಲಿ ಎದುರುಮನೆಯ ನಿವೃತ್ತ ಹೆಡ್‌ಮಾಸ್ತರರು ಸಂಜೆಯ ‘ಅಡ್ಡಾ’ಕ್ಕೆ ಬನ್ನಿರೆಂದು ಕರೆದಾಗ ನಾವು ಗಾಬರಿಗೊಂಡದ್ದುಂಟು. (ಊರಿನ ಹೆಸರು 2001ರಲ್ಲಿ ಕೊಲ್ಕತ್ತವಾಯಿತು, ನಮ್ಮ ಮನೆಯ ನಾಲಿಗೆಗೆ ಇನ್ನೂ ಕಲ್ಕತ್ತೆಯೇ.) ಇಲ್ಲಿ ಅಡ್ಡಾ ಎಂದರೆ ಹರಟೆ. ಅದಕ್ಕೆ ಕಾರ್ಯಕ್ರಮ ಪಟ್ಟಿಯಿಲ್ಲ, ನಿರ್ಣಯವಿಲ್ಲ, ನಮ್ಮ ಸಂಘದ ಸಭೆಗಳಲ್ಲಿರುವಂತೆ ವಂದನಾರ್ಪಣೆಯೂ ಇಲ್ಲ.

ಹರಟೆಗೆ ಹೆಸರಾದ ಸ್ಥಳ ಕಾಲೇಜ್ ಸ್ಟ್ರೀಟಿನ ಕಾಫಿ ಹೌಸು. ಚಹದ ಊರಿನಲ್ಲಿ 1942ರಲ್ಲಿ ಅದನ್ನು ತೆರೆದವರು ಕಾಫಿ ಬೋರ್ಡಿನವರು. 1958ರಲ್ಲಿ ಮುಚ್ಚಿದಾಗ ಅಧ್ಯಾಪಕರೇ ಮೊರೆಯಿಟ್ಟು ಮತ್ತೆ ತೆರೆಯಿಸಿದರು.

ಆದರೆ ಕಾಫಿಗೆ ಕಾಸು ಬೇಕು. ಕಾಸಿಲ್ಲದವರಿಗೆ ರೋಯಾಕು. ಹಳೆಯ ಮನೆಗಳ ಮುಂಬಾಗಿಲಿಗೆ ಅಂಟಿಕೊಂಡು ಬೀದಿಗೆ ಮುಖ ಮಾಡಿದ ಕಟ್ಟೆಯಿದು. ನಮ್ಮ ಜಗಲಿಯ ಅಕ್ಕತಂಗಿಯೇ. ಜಗಲಿಯಲ್ಲಿ ಮನೆಯವರು ಕೂರುತ್ತಾರೆ, ಇಲ್ಲಿ ಕೂರುವವರು ಬೀದಿಯವರು, ಅಷ್ಟೇ ವ್ಯತ್ಯಾಸ. ನಾರಾಯಣ ಗಂಗೋಪಾಧ್ಯಾಯರ ಮಕ್ಕಳ ಕಥೆಗಳ ಟೆನಿದಾ ತನ್ನ ಮೂವರು ಗೆಳೆಯರೊಡನೆ ಪಟಲ್‌ಡಾಂಗಾದ ಇಂಥದೇ ಕಟ್ಟೆಯ ಮೇಲೆ ಕುಳಿತು ಬಡಾಯಿ ಕೊಚ್ಚುತ್ತಾನೆ.

ಲೇಕ್ ಮಾರ್ಕೆಟ್ಟಿನ ಬಳಿಯ ನಮ್ಮ ಬಾಡಿಗೆ ಮನೆಗೂ ಒಂದು ರೋಯಾಕಿತ್ತು, ಸರಿಯಾಗಿ ನಮ್ಮ ಕಿಟಕಿಯ ಕೆಳಗೆ. ಸಂಜೆಯಾದರೆ ಐದಾರು ಹುಡುಗರು. ಮೋಹನ್ ಬಗಾನ್ ಗೆದ್ದರೆ ಆ ಪಕ್ಷದವರಿಗೆ ಸೀಗಡಿಯ ಊಟ, ಈಸ್ಟ್ ಬೆಂಗಾಲ್ ಗೆದ್ದರೆ ಈ ಪಕ್ಷದವರಿಗೆ ಇಲಿಶ್ ಮೀನಿನದು. ಆದ್ದರಿಂದ ಫುಟ್‌ಬಾಲಿನ ಮಾತು ಮೀನಿನ ದರಕ್ಕೆ ಬಂದು ನಿಲ್ಲುತ್ತಿತ್ತು. ಈರುಳ್ಳಿಯನ್ನೂ ಮುಟ್ಟದ ನಮ್ಮ ತಾಯಿಯವರು ಕಿಟಕಿಯಲ್ಲಿ ಹೂಬತ್ತಿ ಹೊಸೆಯುತ್ತ ಕೇಳಿ ಕೇಳಿ, ಇಲಿಶ್ ಇಂದು ಅಗ್ಗವೋ ತುಟ್ಟಿಯೋ ಹೇಳಬಲ್ಲವರಾದರು. ಅವರ ಬಂಗಾಳಿ ಪಾಠಶಾಲೆ ಅದೊಂದೇ. ಹುಡುಗರು ಅವರನ್ನು ‘ಮಾಶಿಮಾ’ ಎನ್ನುವರು, ಎಂದರೆ ಚಿಕ್ಕಮ್ಮ. “ಮಾಶಿಮಾ, ನಾಳೆ ನಲ್ಲಿಯಲ್ಲಿ ನೀರಿಲ್ಲ, ಇಂದೇ ಹಿಡಿದಿಡಿ” ಎಂದು ಕೂಗಿ ಹೇಳುವರು.

ಮಗನ ಪರೀಕ್ಷೆಯ ವರ್ಷ ಈ ಗದ್ದಲ ನಮಗೆ ತಡೆಯದಾಯಿತು. ಮನೆಯ ಯಜಮಾನರಿಗೆ ದೂರಿದೆವು. ಅವರೂ ಕಾದಿದ್ದರೆಂದು ತೋರುತ್ತದೆ. ವಾರದೊಳಗೆ ಕಟ್ಟೆಯುದ್ದಕ್ಕೂ ಕಬ್ಬಿಣದ ಮೊಳೆಗಳನ್ನು ನೆಡಿಸಿದರು. ಬೀದಿ ಶಾಂತವಾಯಿತು. ಮಗ ಪಾಸಾದ, ಅಂಕಗಳು ಅಷ್ಟಕ್ಕಷ್ಟೇ.

ಒಂದು ಬೆಳಿಗ್ಗೆ ನೀರು ಬರಲಿಲ್ಲ. ಬೀದಿಯವರೆಲ್ಲ ಹಿಂದಿನ ದಿನವೇ ತುಂಬಿಟ್ಟಿದ್ದರು. ನಮಗೆ ಹೇಳಿದವರಿಲ್ಲ. ತಾಯಿಯವರು ಬರಿಯ ಕೊಡವನ್ನು ಸದ್ದಿಲ್ಲದೆ ಕೆಳಗಿಟ್ಟು ಕಿಟಕಿಯ ಕಡೆ ನೋಡಿದರು. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಮೊಳೆ ಕೀಳಿಸಿರೆಂದು ಯಜಮಾನರನ್ನು ಕೇಳಿದೆವು. ಕೀಳುವುದೇಕೆ, ಮನೆಯನ್ನೇ ಕೆಡವಿ ಫ್ಲ್ಯಾಟು ಕಟ್ಟಿಸಲು ಕೊಟ್ಟಾಯಿತು ಎಂದರು. ಕೆಳಗಿನ ಅಂತಸ್ತು ಕಾರುಗಳಿಗಂತೆ. ಇಂಥ ಮನೆಗಳೊಡನೆ ರೋಯಾಕುಗಳೂ ಹೋಗುತ್ತಿವೆ; ಕಾರು ನಿಲ್ಲುವಲ್ಲಿ ಹುಡುಗರು ಕೂರುವುದೆಲ್ಲಿ?

ಹುಡುಗರು ತಿರುವಿನ ಚಹದಂಗಡಿಯ ಬೆಂಚಿಗೆ ಹೋಗಿದ್ದರು. ಅದೆಷ್ಟು ದೂರವೆಂದು ತಾಯಿಯವರು ಎರಡು ಸಲ ಕೇಳಿದ ಮೇಲೆ, ಒಂದು ಭಾನುವಾರ ಕೈಹಿಡಿದು ಕರೆದೊಯ್ದೆವು. ನಮ್ಮನ್ನು ಯಾರೂ ಮಾತನಾಡಿಸಲಿಲ್ಲ. ತಾಯಿಯವರಿಗೆ ಮಾತ್ರ ಇಬ್ಬರು ಎದ್ದು ಜಾಗ ಕೊಟ್ಟರು. ಅವರು ಸೆರಗು ಸರಿಮಾಡಿಕೊಂಡು ಕುಳಿತು, ತಮ್ಮ ಕಿಟಕಿಯ ಬಂಗಾಳಿಯಲ್ಲಿ, ಇಲಿಶಿಗೆ ಈಗ ಏನು ದರ ಎಂದು ಕೇಳಿದರು.