ಕೋಳಿ ನೆನೆಸಿದ ಉಪ್ಪುನೀರಿನಲ್ಲಿ ಉಳಿತಾಯ ಬೇಡ

ಬಲಿತ ನಾಟಿ ಹುಂಜದ ಮಾಂಸ ಎಷ್ಟು ಗಡುಸೆಂಬುದು ನಿಮಗೆ ಗೊತ್ತೇ ಇದೆ. ಉಪ್ಪುನೀರಿನಲ್ಲಿ ನೆನೆಸಿಟ್ಟರೆ ಮಾಂಸ ನೀರು ಹಿಡಿದುಕೊಂಡು, ಬೇಯಿಸಿದಾಗ ಒಣಗದೆ ಮೃದುವಾಗಿರುತ್ತದೆ. ಈ ಪದ್ಧತಿಗೆ ನನ್ನ ತಕರಾರಿಲ್ಲ. ಹಬ್ಬದ ದಿನ ನೆನೆಸಿದ ನೀರನ್ನೇ ಎತ್ತಿಟ್ಟು ಮರುದಿನದ ಕೋಳಿಗೂ ಬಳಸುತ್ತೇವಲ್ಲ, ತಕರಾರು ಅದಕ್ಕೆ.

'ಮಾವಿನ ಮಿಡಿಯ ಉಪ್ಪುನೀರು ವರ್ಷವಾದರೂ ಕೆಡದು, ಇದೇಕೆ ಕೆಟ್ಟೀತು?' ಎಂದು ನೀವು ಕೇಳಬಹುದು. ಮಿಡಿಯ ನೀರಿನಲ್ಲಿ ಉಪ್ಪು ಬಹಳ, ಜೊತೆಗೆ ಹುಳಿಯೂ ಇದೆ. ಕೋಳಿಗೆ ನಾವು ಹಾಕುವುದು ಲೀಟರಿಗೆ ಸುಮಾರು 60 ಗ್ರಾಂ ಉಪ್ಪು. ಅಷ್ಟಕ್ಕೆ ಸಾಲ್ಮೊನೆಲ್ಲಾ ಸಾಯುವುದಿಲ್ಲ. ಲಿಸ್ಟೀರಿಯಾ ಎಂಬುದಂತೂ ಉಪ್ಪನ್ನೂ ತಾಳಿ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ಮೇಲಾಗಿ, ಮಾಂಸ ಉಪ್ಪನ್ನು ಹೀರಿ ರಕ್ತ, ರಸಗಳನ್ನು ನೀರಿಗೆ ಬಿಡುತ್ತದೆ. ಎರಡನೆಯ ಸಲಕ್ಕೆ ಆ ನೀರಿನಲ್ಲಿ ಉಪ್ಪು ಕಡಿಮೆ, ರೋಗಾಣುಗಳಿಗೆ ಊಟ ಹೆಚ್ಚು.

ಕುದಿಸಿದರಾಯಿತು ಎನ್ನುವವರುಂಟು. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ನಿಜ. ಆದರೆ ನೀರು ಅಡಿಗೆಮನೆಯ ಬೆಚ್ಚನೆಯಲ್ಲಿ ಕುಳಿತಿದ್ದಾಗ ಸ್ಟೆಫಿಲೊಕಾಕಸ್ ಬೆಳೆದು ವಿಷ ಬಿಟ್ಟಿದ್ದರೆ, ಆ ವಿಷ ಕುದಿತಕ್ಕೂ ಜಗ್ಗದು, ವಾಂತಿಭೇದಿ ತರುತ್ತದೆ. ಅದಿರಲಿ, ಒಂದು ಹಿಡಿ ಉಪ್ಪು ಉಳಿಸಲು ಅದಕ್ಕಿಂತ ದುಬಾರಿಯಾದ ಸೌದೆ ಸುಡುವುದು ಯಾವ ಲೆಕ್ಕ?

ಉಳಿಸಲೇಬೇಕೆಂದರೆ ನೀರನ್ನೇ ಕಡಿಮೆ ಮಾಡಿ. ಒಂದೂವರೆ ಕಿಲೋ ಕೋಳಿಗೆ ಮೈ ಹಿಡಿಸುವಷ್ಟು ಕಿರಿದಾದ ಸ್ಟೀಲ್ ಪಾತ್ರೆಯಾದರೆ ಎರಡು ಲೀಟರ್ ನೀರು, 120 ಗ್ರಾಂ ಉಪ್ಪು ಸಾಕು. ತುಂಡು ಮಾಡಿದರೆ ಇನ್ನೂ ಕಡಿಮೆ. ನಾಲ್ಕು ಕೋಳಿ ಇದ್ದರೆ ನಾಲ್ಕನ್ನೂ ಒಂದೇ ಹೊತ್ತಿಗೆ ನೆನೆಸಿ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಪಾತ್ರೆಯನ್ನು ಮುಚ್ಚಿ ಫ್ರಿಜ್ಜಿನಲ್ಲಿಡಿ, 4 ಡಿಗ್ರಿ ಸೆಲ್ಸಿಯಸ್ ಮೀರದಂತೆ. ಫ್ರಿಜ್ಜಿಲ್ಲದವರು ನೆನೆಸುವ ಗೋಜಿಗೇ ಹೋಗದೆ ಸಣ್ಣ ಉರಿಯಲ್ಲಿ ಹೆಚ್ಚು ಹೊತ್ತು ಬೇಯಿಸುವುದೇ ಮೇಲು. ನಮ್ಮ ಅಜ್ಜಿಯರು ಮಾಡುತ್ತಿದ್ದುದೂ ಅದನ್ನೇ.

ಬಳಸಿದ ನೀರನ್ನು ಹಾಳಾಗಬಾರದೆಂದು ಕೋಳಿ, ಹಂದಿಗಳ ಮುಂದೆ ಇಡುವುದುಂಟು. ದಯವಿಟ್ಟು ಬೇಡ. ಅಷ್ಟು ಉಪ್ಪು ಅವುಗಳಿಗೆ ವಿಷವಾದೀತು, ಹಸಿ ಮಾಂಸದ ನೀರಿನಿಂದ ರೋಗವೂ ಹರಡೀತು. ಹುರುಳಿಕಾಯಿ, ಬಾಳೆಯ ಬುಡಕ್ಕೂ ಸಲ್ಲದು; ಅವು ಉಪ್ಪು ತಾಳುವುದಿಲ್ಲ. ಬಚ್ಚಲ ನೀರು ಹಿತ್ತಲ ಬಾಳೆಗೆ ಹರಿಯುವ ಮನೆಗಳಲ್ಲಿ ಇದನ್ನು ಬಚ್ಚಲಿಗೆ ಸುರಿಯದೆ, ಬಾವಿಯಿಂದ ದೂರದ ಗುಂಡಿಗೆ ಚೆಲ್ಲಿ. ಪಾತ್ರೆಯನ್ನೂ ಕೈಯನ್ನೂ ಸಾಬೂನು ಹಚ್ಚಿ ತೊಳೆದ ಮೇಲೆಯೇ ತರಕಾರಿ ಮುಟ್ಟಿ.