ಹೊಟ್ಟೆ ತುಂಬಿದರೆ ಸಾಕೇ?

ಮನುಷ್ಯನಿಗೆ ಮೊದಲು ಏನು ಬೇಕು ಎಂದು ಕೇಳಿದರೆ ‘ಅನ್ನ, ಬಟ್ಟೆ, ಸೂರು’ ಎಂದು ನೀವು ಥಟ್ಟನೆ ಹೇಳುತ್ತೀರಿ. ಅಮೆರಿಕದ ಮನೋವಿಜ್ಞಾನಿ ಅಬ್ರಹಾಂ ಮ್ಯಾಸ್ಲೊ 1943ರಲ್ಲಿ ಮಂಡಿಸಿದ ಸಿದ್ಧಾಂತವೂ ಹೆಚ್ಚುಕಡಿಮೆ ಇದೇ. ಮೊದಲು ಹಸಿವು, ನಿದ್ರೆಯಂತಹ ದೇಹದ ಅಗತ್ಯಗಳು, ಆಮೇಲೆ ಸುರಕ್ಷತೆ, ನಂತರ ಪ್ರೀತಿ, ಅದರ ಮೇಲೆ ಗೌರವ, ಕೊನೆಗೆ ತನ್ನ ಸಾಮರ್ಥ್ಯವನ್ನು ಪೂರ್ತಿ ಬೆಳೆಸಿಕೊಳ್ಳುವ ಹಂಬಲ. ಕೆಳಗಿನ ಮೆಟ್ಟಿಲು ಸಾಕಷ್ಟು ಗಟ್ಟಿಯಾದ ಮೇಲೆಯೇ ಮನಸ್ಸು ಮೇಲಿನದಕ್ಕೆ ಹಾತೊರೆಯುತ್ತದೆ ಎಂಬುದು ಅವರ ವಾದ.

ನಮ್ಮ ಕೊಡಗಿನ ಮಟ್ಟಿಗೆ ಇದು ಅರ್ಧ ಸತ್ಯ. ಮಳೆಗಾಲದಲ್ಲಿ ಸೋರುವ ಲೈನ್ ಮನೆಯಲ್ಲಿ ಕೆಮ್ಮುವ ಮಗುವಿಗೆ ಮೊದಲು ಬೇಕಾದದ್ದು ಬೆಚ್ಚಗಿನ ಸೂರೇ. ಅಲ್ಲಿ ಬೇರೆ ಮಾತು ಬೇಡ.

ಆದರೆ ತೋಟದ ಮನೆಗಳನ್ನು ನೋಡಿ. ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ಇದ್ದಾರೆ. ಫ್ರಿಜ್ ತುಂಬಿದೆ, ಬ್ಯಾಂಕಿನಲ್ಲಿ ಹಣವಿದೆ. ಆದರೂ ವಯಸ್ಸಾದ ತಾಯಿಯ ತೂಕ ಇಳಿಯುತ್ತಿದೆ. ‘ಒಬ್ಬಳಿಗಾಗಿ ಏನು ಅಡುಗೆ ಮಾಡೋದು ಡಾಕ್ಟ್ರೇ?’ ಎನ್ನುತ್ತಾರೆ. ರಾತ್ರಿ ಊಟ ಕಾಫಿ, ಬಿಸ್ಕತ್ತಿನಲ್ಲಿ ಮುಗಿಯುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ತಪ್ಪದು. ಕೆಲವು ಬಗೆಯ ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಕೊನೆಗೆ ಪ್ರಜ್ಞೆ ತಪ್ಪುವುದೂ ಉಂಟು. ಇಲ್ಲಿ ಮೂರನೇ ಮೆಟ್ಟಿಲು ಮುರಿದು ಮೊದಲನೆಯದೇ ಕುಸಿದಿದೆ!

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಊರೂರಿನಿಂದ ಅಕ್ಕಿ, ಕಂಬಳಿ ಬಂದವು. ಅವು ಜೀವ ಉಳಿಸಿದವು, ನಿಜ. ಆದರೆ ತೋಟ, ಮನೆ, ನೆರೆಹೊರೆ ಒಟ್ಟಿಗೇ ಹೋದವರ ನಿದ್ರೆಯನ್ನು ಕಂಬಳಿ ಮರಳಿ ತರಲಾರದು.

ಚಿಲಿ ದೇಶದ ಅರ್ಥಶಾಸ್ತ್ರಜ್ಞ ಮ್ಯಾನ್‌ಫ್ರೆಡ್ ಮ್ಯಾಕ್ಸ್-ನೀಫ್ ಅಗತ್ಯಗಳನ್ನು ಮೆಟ್ಟಿಲಾಗಿ ಕಾಣಲಿಲ್ಲ. ಅನ್ನ, ರಕ್ಷಣೆ, ಅಕ್ಕರೆ, ಪಾಲ್ಗೊಳ್ಳುವಿಕೆ, ಬಿಡುವು, ಸ್ವಾತಂತ್ರ್ಯ ಹೀಗೆ ಒಂಬತ್ತನ್ನು ಹೆಸರಿಸಿ, ಅವು ಒಂದಕ್ಕೊಂದು ಹೆಣೆದುಕೊಂಡಿವೆ ಎಂದರು. ವೈದ್ಯನಾದ ನನಗೆ ಈ ಮಾತೇ ಹೆಚ್ಚು ಸರಿ ಎನಿಸುತ್ತದೆ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ, ವರ್ಷಕ್ಕೆ 8 ಲಕ್ಷ 71 ಸಾವಿರಕ್ಕೂ ಹೆಚ್ಚು ಸಾವುಗಳಿಗೆ ಅದರ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರ ವರದಿಯಲ್ಲಿ ಅಂದಾಜಿಸಿದೆ.

ಹಾಗೆಂದು ಎಲ್ಲವನ್ನೂ ಒಂಟಿತನದ ತಲೆಗೆ ಕಟ್ಟಬೇಡಿ. ತೂಕ ಇಳಿದರೆ, ಹಸಿವು ಸತ್ತರೆ ಥೈರಾಯ್ಡ್, ಕ್ಷಯ, ಕ್ಯಾನ್ಸರ್, ಮಾನಸಿಕ ಖಿನ್ನತೆ ಯಾವುದೂ ಇರಬಹುದು. ಮೊದಲು ಪರೀಕ್ಷೆ ಮಾಡಿಸಿ.

ದೂರದಲ್ಲಿರುವ ಮಕ್ಕಳೇ, ಫೋನಿನಲ್ಲಿ ‘ಮಾತ್ರೆ ತಗೊಂಡ್ರಾ?’ ಎಂದಷ್ಟೇ ಕೇಳದೆ ‘ಇವತ್ತು ಯಾರ ಜೊತೆ ಊಟ ಮಾಡಿದ್ರಿ?’ ಎಂದೂ ಕೇಳಿ. ಪುತ್ತರಿಗೆ ಬಂದಾಗ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆದರೆ ಸಾಲದು, ಅವರಿಗೊಂದು ಜವಾಬ್ದಾರಿ ಕೊಡಿ. ನೆರೆಯವರೇ, ವಾರಕ್ಕೊಮ್ಮೆಯಾದರೂ ಒಂಟಿ ಹಿರಿಯರ ಮನೆಯಲ್ಲಿ ಕೂತು ಉಣ್ಣಿ. ಈ ಔಷಧಿ ನನ್ನ ಚೀಟಿಯಲ್ಲಿ ಬರೆದರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ನೀವೇ ಕೊಡಬೇಕು.